ಹನಿ ಸಿದ್ದನ ಮೈಲೇಜು

ರಂಗಂಪೇಟೆಯಲ್ಲಿ ಅಮೋಘಸಿದ್ದನ ಮನೆ ಯಾವುದು ಎಂದು ಕೇಳಿದರೆ ಜನ ತುಸು ಯೋಚಿಸುತ್ತಾರೆ. ಹನಿ ಸಿದ್ದನ ಮನೆ ಎಂದರೆ ಕೂಡಲೇ ಕೈಮಾಡಿ ತೋರಿಸುತ್ತಾರೆ.

ಆ ಹೆಸರು ಬಂದದ್ದು ಕಾಲುವೆ ಇಲಾಖೆಯಲ್ಲಿ. ಮೂವತ್ತು ವರ್ಷ ಅವನು ಅಲ್ಲಿ ಜೀಪು ಓಡಿಸಿದ. ತಿಂಗಳಿಗೆ ಇಷ್ಟೇ ಡೀಸೆಲ್ ಎಂದು ಅಳೆದು ಕೊಡುತ್ತಿದ್ದ ಕಾಲ. ಇಪ್ಪತ್ತೈದನೆಯ ತಾರೀಖಿನ ಹೊತ್ತಿಗೆ ಬೇರೆ ಜೀಪುಗಳು ಶೆಡ್ಡಿನಲ್ಲಿ ಬಾಯಾರಿ ನಿಂತಿರುತ್ತಿದ್ದವು. ಹನಿ ಹನಿ ಲೆಕ್ಕವಿಟ್ಟು ಓಡಿಸುತ್ತಿದ್ದ ಸಿದ್ದನ ಜೀಪು ಮಾತ್ರ ತಿಂಗಳ ಕಡೆಯ ಸಂಜೆಯೂ ಕಾಲುವೆಯ ಏರಿಯ ಮೇಲೆ ಹೊರಟಿರುತ್ತಿತ್ತು. ಎಂಜಿನಿಯರುಗಳು ಗುಟ್ಟು ಕೇಳಿದರೆ ಅವನ ಉತ್ತರ ಒಂದೇ.

"ನಾ ಕುರಿ ಕಾಯ್ದಾಂವ್ರಿ, ಸಾಹೇಬ್ರ. ಹಿಂಡು ನಿಂದ್ರಿಸಿ ನಿಂದ್ರಿಸಿ ಎಬ್ಬಿಸಿದ್ರ ಕುರಿ ಸೊರಗ್ತಾವ. ಗಾಡೀನೂ ಹಂಗ."

ಅದು ಬರಿಯ ಮಾತಲ್ಲ. ಅಪ್ಪನ ಹಿಂಡಿನ ಹಿಂದೆ ನಡೆದ ದಿನಗಳಲ್ಲಿ ಅವನ ಕಣ್ಣು ಹತ್ತಿರದ ಕುರಿಯನ್ನು ಬಿಟ್ಟು ದೂರದ ಜಾಲಿಗಿಡವನ್ನು ನೋಡಲು ಕಲಿತಿತ್ತು. ಸ್ಟೇರಿಂಗ್ ಹಿಡಿದಾಗಲೂ ಹಾಗೆಯೇ. ತಿರುವು, ತಗ್ಗು, ಎದುರಿನ ಟ್ರ್ಯಾಕ್ಟರು ಎಲ್ಲವೂ ಬರುವ ಮೊದಲೇ ಅವನ ಬಲಗಾಲು ಮೆತ್ತಗಾಗಿರುತ್ತಿತ್ತು. ಬ್ರೇಕು ಮುಟ್ಟುವುದೆಂದರೆ ಅವನಿಗೆ ಉಂಡ ತಟ್ಟೆಯಲ್ಲಿ ಅನ್ನ ಬಿಟ್ಟಷ್ಟು ಸಂಕಟ.

ನಿವೃತ್ತನಾದ ಮೇಲೆ ಎರಡು ವರ್ಷ ಮನೆಯ ಕಟ್ಟೆಯ ಮೇಲೆ ಕೂತು, ಹೋಗುವ ಬರುವ ಗಾಡಿಗಳ ಗೇರು ಬದಲಿಸುವ ಸದ್ದಿಗೆ ಮುಖ ಕಿವುಚಿದ. ಕೊನೆಗೆ ಹೆಂಡತಿ ರೇಣಮ್ಮನೇ, "ಕಟ್ಟಿ ಸವದು ಹೊಂಟದ. ಯಾರದಾರ ಗಾಡಿ ಹಿಡೀರಿ" ಎಂದಳು. ಆ ತಿಂಗಳೇ ಶಹಾಪುರದ ಹೆರಿಗೆ ಡಾಕ್ಟರು ಗೌಹರಬೇಗಂ ಅವನಿಗೆ ಹೇಳಿ ಕಳಿಸಿದರು.

ಡಾಕ್ಟರು ವಾರಕ್ಕೆ ಮೂರು ದಿನ ಕಾಲುವೆಯ ಆಚೆಯ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡುವವರು. ನೀರು ಹರಿಯತೊಡಗಿದರೆ ಅಲ್ಲಿನ ಎರೆಮಣ್ಣಿನ ದಾರಿಗಳಲ್ಲಿ ಸಣ್ಣ ಕಾರು ಹೂತುಬಿಡುತ್ತದೆ. ಅದಕ್ಕಾಗಿಯೇ ಅವರು ಹೈದರಾಬಾದಿನಿಂದ ಒಂದು ಸೆಕೆಂಡ್‌ಹ್ಯಾಂಡ್ ಗಾಡಿ ತಂದಿದ್ದರು. ಮೈ ಗಿಡ್ಡ, ಠೀವಿ ದೊಡ್ಡದು. ಚರ್ಮದ ಸೀಟು, ತಾನೇ ಬದಲಾಗುವ ಗೇರು, ನಾಲ್ಕೂ ಗಾಲಿಗೆ ಎಳೆತ. ಸಿದ್ದನ ಮನಸ್ಸು ಕದ್ದದ್ದು ಮಾತ್ರ ಎದುರಿನ ಪರದೆಯ ಮೂಲೆಯಲ್ಲಿದ್ದ ಒಂದು ಪುಟ್ಟ ಅಂಕಿ: ಒಂದು ಲೀಟರಿಗೆ ಎಷ್ಟು ಕಿಲೋಮೀಟರು. ಮೂವತ್ತು ವರ್ಷ ಅವನ ಕಾಲಿಗೆ ಮಾತ್ರ ಗೊತ್ತಿದ್ದ ಸಂಗತಿಯನ್ನು ಈ ಗಾಡಿ ಬಾಯಿಬಿಟ್ಟು ಹೇಳುತ್ತಿತ್ತು. ಬೇಸಿಗೆಯೆಲ್ಲ ಆ ಅಂಕಿ ಹದಿಮೂರರ ಮೇಲೆಯೇ ಇತ್ತು.

ಜುಲೈ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ಅಂಕಿ ಹನ್ನೊಂದಾಯಿತು, ಹತ್ತಾಯಿತು, ಆಗಸ್ಟಿನಲ್ಲಿ ಒಂಬತ್ತಕ್ಕೆ ಬಂದು ಕೂತಿತು. ಒಮ್ಮೆಯಂತೂ ನೋವು ತಿನ್ನುತ್ತಿದ್ದ ಬಸುರಿಯನ್ನು ಕೂರಿಸಿಕೊಂಡು ಬರುವಾಗ, ಪಂಪು ಇನ್ನೂ ದೂರವಿರುವಾಗಲೇ ಡೀಸೆಲ್ಲಿನ ಕೆಂಪು ದೀಪ ಹತ್ತಿತು. ಹೇಗೋ ತಲುಪಿದರು. ಮರುದಿನ ಡಾಕ್ಟರು ಅವನನ್ನು ಒಳಗೆ ಕರೆದರು.

"ಸಿದ್ದಣ್ಣ, ನಿಮ್ಮ ಮ್ಯಾಲ ನಂಗ ಶಕ್ ಇಲ್ಲ. ಗಾಡಿ ಮ್ಯಾಲ ಅದ. ಹಿಂಗ ಕುಡಿಯೋ ಗಾಡೀನ ನಂಬಿ ಪೇಶಂಟ್ ಕೂಡ್ಸಲಿ ಹೆಂಗ? ಬರೋ ಶುಕ್ರವಾರ ಯಾದಗಿರಿಯಿಂದ ಒಬ್ಬರು ನೋಡಾಕ ಬರ್ತಾರ. ಕೊಟ್ಟುಬಿಡ್ತೀನಿ."

"ಆಮ್ಯಾಲ ಹಳ್ಳಿಗೆ ಹೆಂಗ್ರಿ, ಅಮ್ಮಾರ?"

"ಸಣ್ಣ ಕಾರು ತಗೋತೀನಿ. ಕೆಸರು ಇದ್ದಾಗ ಹೋಗೋದಿಲ್ಲ. ಅವರೇ ಇಲ್ಲಿ ಬರಬೇಕು."

ಆ ದಾರಿಯಲ್ಲಿ ಬಸುರಿಯರು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬರುವುದನ್ನು ಸಿದ್ದ ಕಣ್ಣಮುಂದೆ ತಂದುಕೊಂಡ. "ಗುರುವಾರದ ಮಟ ಟೈಮ್ ಕೊಡ್ರಿ. ಹದಿಮೂರು ಮುಟ್ಟಸ್ತೀನಿ" ಎಂದ.

"ಮಾತು ಬ್ಯಾಡ. ಅಂಕಿ ತೋರಸ್ರಿ" ಎಂದು ಡಾಕ್ಟರು ನಕ್ಕರು.

ಅಂದಿನಿಂದ ಸಿದ್ದ ಗಾಡಿಯನ್ನು ಮದುಮಗನ ಹಾಗೆ ಆರೈಕೆ ಮಾಡಿದ. ಗಾಲಿಗಳಿಗೆ ಗಾಳಿ ಸರಿಮಾಡಿಸಿದ. ಡಿಕ್ಕಿಯಲ್ಲಿದ್ದ, ಹಳ್ಳಿಯವರು ಪ್ರೀತಿಯಿಂದ ಕೊಟ್ಟ ಎರಡು ಚೀಲ ಅಕ್ಕಿ ಮತ್ತು ಒಂದು ಚೀಲ ಶೇಂಗಾ ಇಳಿಸಿದ. ಎಸಿ ಬಂದ್ ಮಾಡಿದಾಗ ಡಾಕ್ಟರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ ಸಹಿಸಿದರು. ರಂಗಂಪೇಟೆಯ ಮೆಕ್ಯಾನಿಕ್ ಚಾಂದಪಾಶಾ ಅವನ ಹಳೆಯ ಗೆಳೆಯ. ಅವನ ಗ್ಯಾರೇಜಿನಲ್ಲಿ ಗಾಡಿಯನ್ನು ಎತ್ತಿ, ಅಡಿಯಲ್ಲಿ ಮೆತ್ತಿದ್ದ ಎರೆಮಣ್ಣನ್ನು ಕೆರೆದು ತೆಗೆದರು. ನಾಲ್ಕು ಬುಟ್ಟಿ ಬಂತು.

"ಇದರಾಗ ಒಂದು ಮಡಿ ಜ್ವಾಳ ಬಿತ್ತಬಹುದಿತ್ತು" ಎಂದ ಚಾಂದಪಾಶಾ. "ಎಂಜಿನ್ ಛಲೋ ಅದ, ಫಿಲ್ಟರ್ ಛಲೋ ಅದ. ನಿನ್ನ ಕಾಲಿಗೇ ವಯಸ್ಸಾಗ್ಯಾದ, ಬಿಡು."

ಆ ಚೇಷ್ಟೆ ಸಿದ್ದನಿಗೆ ಮುಳ್ಳಿನಂತೆ ನಾಟಿತು. ಊಟಕ್ಕೆ ಕೂತಾಗ ಬಲಗಾಲನ್ನು ಮುಂದೆ ಚಾಚಿ ನೋಡಿಕೊಂಡ. ರೇಣಮ್ಮ ರೊಟ್ಟಿ ಬಡಿಯುತ್ತಲೇ, "ಅದಕೇನಾಗ್ಯಾದ? ಮೂವತ್ತು ವರ್ಷದಿಂದ ಹಂಗೇ ವಕ್ರ ಅದ" ಎಂದಳು. ಅವನಿಗೂ ನಗು ಬಂತು. ಆದರೆ ಬುಧವಾರ ಸಂಜೆ ಅಂಕಿ ಒಂಬತ್ತೂವರೆ ದಾಟಿರಲಿಲ್ಲ.

ಗುರುವಾರ ದೇವಾಪುರದ ಕಡೆ ಹೋಗುವುದಿತ್ತು. ಗದ್ದೆಗಳ ನಡುವಿನ ಕೆಸರು ದಾರಿಯಲ್ಲಿ ಗಾಡಿ ಎಮ್ಮೆಯ ಹಾಗೆ ನಿಶ್ಚಿಂತೆಯಿಂದ ಸಾಗಿತು. ಡಾಕ್ಟರು ಐದು ಮಂದಿ ಬಸುರಿಯರನ್ನು ನೋಡಿದರು. ವಾಪಸ್ಸು ಹೊರಟು, ಕೆಸರು ಮುಗಿದು ಡಾಂಬರು ಸಿಕ್ಕ ಕಡೆ ಕಾಲುವೆಯ ಸೇತುವೆ. ಅಲ್ಲಿ ಗೇಟು ತಿರುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದವನು ನಬಿಸಾಬ, ಸಿದ್ದನ ಇಲಾಖೆಯ ಗೆಳೆಯ. ಅವನು ಹಳೆಯ ರೂಢಿಯಂತೆ ಕೈಯೆತ್ತಿ ಕೂಗಿದ:

"ಸಿದ್ದಣ್ಣ, ನೀರು ಬಂದ್ ಆತೋ!"

ಆ ಹಂಗಾಮಿನಲ್ಲಿ ಕಾಲುವೆ ನಿಂತದ್ದು ಅದೇ ಮೊದಲು. ಸಿದ್ದ ಗಾಡಿಯನ್ನು ಬದಿಗೆ ನಿಲ್ಲಿಸಿದ, ಇಳಿದ, ಮುಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಅದರ ನಡುವಿಗೆ ಕೈಹಾಕಿದ. ಕೈಗೆ ಏನೂ ಸಿಗಲಿಲ್ಲ. ನುಣ್ಣನೆಯ ಬಿಲ್ಲೆಯ ಮೇಲೆ ಬೆರಳು ಜಾರಿತು.

ಡಾಕ್ಟರು ಕಿಟಕಿ ಇಳಿಸಿದರು. "ಪಂಕ್ಚರೇನ್ರಿ?"

ಸಿದ್ದ ತನ್ನ ಕೈಯನ್ನೇ ನೋಡುತ್ತಿದ್ದ. ಇಲಾಖೆಯ ಹಳೆಯ ಜೀಪಿನಲ್ಲಿ ಮುಂದಿನ ಗಾಲಿಗಳಿಗೂ ಎಳೆತ ಬೇಕೆಂದರೆ ಇಳಿದು, ಗಾಲಿಯ ನಡುವಿನ ಲಾಕನ್ನು ಕೈಯಿಂದ ತಿರುಗಿಸಬೇಕಿತ್ತು. ಡ್ರೈವರುಗಳು ಅದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದರು: ಕಾಲುವೆಗೆ ನೀರು ಬಿಟ್ಟ ದಿನ ಲಾಕು ಹಾಕುವುದು, ನೀರು ನಿಂತ ದಿನ ತೆಗೆಯುವುದು. ಈಗ ನೀರು ನಿಂತಿತೆಂಬ ಕೂಗಿಗೆ ಕೈ ತಾನಾಗಿಯೇ ಲಾಕು ತೆಗೆಯಲು ಬಂದಿತ್ತು. ಹಾಗಾದರೆ ನೀರು ಬಿಟ್ಟ ದಿನ ಇದೇ ಕೈ ಏನು ಮಾಡಿತ್ತು?

ಅವನು ಎದ್ದು ಒಳಗೆ ಬಗ್ಗಿ ನೋಡಿದ. ಗೇರಿನ ಪಕ್ಕದಲ್ಲಿ, ದಾರಿಗೆ ತಕ್ಕ ಎಳೆತ ಆರಿಸುವ ದುಂಡನೆಯ ತಿರುಗಣಿ, ನೀರು ಬಿಟ್ಟ ದಿನ ಅವನೇ ತಿರುಗಿಸಿಟ್ಟಂತೆ, ಕೆಸರಿನ ಚಿತ್ರದ ಎದುರಿಗೆ ನಿಂತಿತ್ತು. ಐದು ವಾರದಿಂದ ನುಣುಪಾದ ಹೆದ್ದಾರಿಯ ಮೇಲೂ ಗಾಡಿ ಕೆಸರಿನಲ್ಲಿದ್ದೇನೆಂದೇ ನಂಬಿ, ಸಣ್ಣ ಗೇರಿನಲ್ಲಿ ನಾಲ್ಕೂ ಗಾಲಿ ಬಿಗಿಹಿಡಿದು ದುಡಿದಿತ್ತು. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೂ ಹಿಂದಿನ ಗುರುತನ್ನು ನೆನಪಿಟ್ಟುಕೊಳ್ಳುವ ಗಾಡಿ ಅದು. ಮರೆತವನು ಡ್ರೈವರು.

ಡಾಕ್ಟರಿಗೆ ಹೇಳದೆ ತಿರುಗಣಿ ತಿರುಗಿಸಿಬಿಡಬಹುದಿತ್ತು. ಸಿದ್ದ ಟೊಪ್ಪಿಗೆ ತೆಗೆದ.

"ಅಮ್ಮಾರ, ಗಾಡೀದು ತಪ್ಪಿಲ್ಲ. ನಂದು." ಎಲ್ಲವನ್ನೂ ಹೇಳಿದ.

ಗೌಹರಬೇಗಂ ಗಂಭೀರವಾಗಿಯೇ ಕೇಳಿದರು. ಗಾಲಿಯಲ್ಲಿ ಲಾಕು ಹುಡುಕಿದ ಮಾತು ಬಂದಾಗ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ, "ಅಂಕಿ ಸೊನ್ನೆ ಮಾಡ್ರಿ. ಶಹಾಪುರ ಬರೋದ್ರಾಗ ಹದಿಮೂರು ಆಗಬೇಕು" ಎಂದರು.

ಸಿದ್ದ ತಿರುಗಣಿಯನ್ನು ಕೆಸರಿನ ಚಿತ್ರದಿಂದ ಸರಿಸಿ, ಅಂಕಿ ಸೊನ್ನೆ ಮಾಡಿ ಹೊರಟ. ಸುರಪುರ ದಾಟುವಾಗ ಹನ್ನೆರಡು. ಹೆದ್ದಾರಿಯಲ್ಲಿ ಗಾಡಿ ಉಸಿರು ಸಡಿಲಿಸಿ ತೇಲಿತು. ಹನ್ನೆರಡೂವರೆ, ಹನ್ನೆರಡು ಪಾಯಿಂಟ್ ಎಂಟು. ಡಾಕ್ಟರು ಹಿಂದಿನ ಸೀಟಿನಿಂದ ಕತ್ತು ಚಾಚಿ ಪರದೆಯನ್ನೇ ನೋಡುತ್ತಿದ್ದರು. ಹನ್ನೆರಡು ಪಾಯಿಂಟ್ ಒಂಬತ್ತು ಆಯಿತೆನ್ನುವಾಗ, ದೂರದಲ್ಲಿ ರಸ್ತೆಗೆ ಅಡ್ಡಲಾಗಿ ಕುರಿಹಿಂಡು ಇಳಿಯಿತು. ಇನ್ನೂರಕ್ಕೆ ಕಡಿಮೆಯಿಲ್ಲ.

ಸಿದ್ದ ಅಷ್ಟು ದೂರದಿಂದಲೇ ಕಾಲು ತೆಗೆದ. ಗಾಡಿ ಉರುಳುತ್ತ ಉರುಳುತ್ತ ಬಂದು ಹಿಂಡಿನ ಮುಂದೆ ಮೆಲ್ಲಗೆ ನಿಂತಿತು. ಎಂಜಿನ್ ಆರಿಸಿದ.

"ಹಾರ್ನ್ ಹೊಡೀರಿ, ಸಿದ್ದಣ್ಣ. ಅಂಕಿ ಹೋಗ್ತದ" ಎಂದರು ಡಾಕ್ಟರು. ಈಗ ಅವಸರ ಅವರಿಗೇ.

"ಬಿಡ್ರಿ ಅಮ್ಮಾರ. ಬೆದರಿದ್ರ ಮರಿ ತಪ್ಪಿಸ್ಕೊಂತಾವ. ದಾಟ್ಲಿ."

ಕಂಬಳಿ ಹೊದ್ದ ಕುರುಬ ಗಾಡಿಯ ಕಡೆ ನೋಡಿ ಕೋಲೆತ್ತಿ ನಕ್ಕ. ಕುಂಟು ಮರಿಯೊಂದು ಕಡೆಗೆ ದಾಟಿತು. ಸಿದ್ದ ಹೊರಡಿಸಿದ, ಮೊದಲ ಎಳೆತಕ್ಕೆ ಅಂಕಿ ಹನ್ನೆರಡು ಪಾಯಿಂಟ್ ಏಳಕ್ಕೆ ಇಳಿಯಿತು. ಅವನು ಪರದೆ ನೋಡುವುದನ್ನೇ ಬಿಟ್ಟ. ಕಣ್ಣನ್ನು ದೂರದ ಗಿಡಕ್ಕೆ ನೆಟ್ಟು, ಹಿಂಡನ್ನು ನಡೆಸುವಂತೆ ನಡೆಸಿದ.

ಶಹಾಪುರದ ಮೊದಲ ಮನೆಗಳು ಕಂಡಾಗ ಹಿಂದಿನ ಸೀಟಿನಿಂದ ಡಾಕ್ಟರ ದನಿ ಬಂತು. ಫೋನಿನಲ್ಲಿ ಮಾತಾಡುತ್ತಿದ್ದರು. "ನಾಳೆ ಬರಬ್ಯಾಡ್ರಿ. ಗಾಡಿ ಕೊಡೋದಿಲ್ಲ. ಇಲ್ರಿ, ಬಿಮಾರಿ ಇರಲಿಲ್ಲ. ಡ್ರೈವರ್‌ಗೆ ಕಾಲುವಿ ಮ್ಯಾಲ ಭಾಳ ಪ್ರೀತಿ, ಅಷ್ಟೇ."

ಸಿದ್ದ ಆಗ ಪರದೆ ನೋಡಿದ. ಹದಿಮೂರು ಪಾಯಿಂಟ್ ಒಂದು.

ಈಗ ಆ ತಿರುಗಣಿಯ ಮೇಲೆ ಒಂದು ಕರಿ ಉಣ್ಣೆಯ ದಾರವಿದೆ. ಕೆಸರಿಗೆ ಇಳಿಯುವಾಗ ಸಿದ್ದ ಅದನ್ನು ಬಿಚ್ಚಿ ತನ್ನ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾನೆ. ಡಾಂಬರು ಹತ್ತಿದ ಕೂಡಲೇ ಮತ್ತೆ ಅದರ ಜಾಗಕ್ಕೆ ಕಟ್ಟುತ್ತಾನೆ. ಎಂದಾದರೂ ಅವನು ಮರೆತು ದಾರ ಸುತ್ತಿಕೊಂಡೇ ಮನೆಗೆ ಬಂದರೆ ರೇಣಮ್ಮ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ಅಡ್ಡ ನಿಲ್ಲುತ್ತಾಳೆ.

"ಮೊದ್ಲು ಹೋಗಿ ಗಾಡೀನ ಕೆಸರಿನಿಂದ ತಗದು ಬರ್ರಿ. ಆಮ್ಯಾಲ ಕಾಲು ತೊಳಿರಿ."