ಇಳಿಜಾರು ಇದ್ದಲ್ಲಿ ಮಾತ್ರ ನೆಂಟಸ್ತಿಕೆ

ನಮ್ಮ ಮನೆಗೆ ಕಾರು ಬಂದದ್ದು ೧೯೯೮ರಲ್ಲಿ. ಅಪ್ಪ ಮುಂಬೈಯ ಕ್ಯಾಂಟೀನು ಕೆಲಸ ಬಿಟ್ಟು ಊರಿಗೆ ಬರುವಾಗ, ಅಲ್ಲಿ ಟ್ಯಾಕ್ಸಿಯಾಗಿ ಓಡಿ ಓಡಿ ಹೈರಾಣಾಗಿದ್ದ ಒಂದನ್ನು ಕೊಂಡು ತಂದಿದ್ದರು. ಮೇಲೆ ಬಿಳಿ ಬಣ್ಣ ಬಳಿದಿದ್ದರೂ ಬಾಗಿಲು ತೆರೆದರೆ ಸಂದಿಯಲ್ಲಿ ಹಳದಿ ಇಣುಕುತ್ತಿತ್ತು. ಬೈಂದೂರಿನ ನಮ್ಮ ಗುಡ್ಡದ ಮೇಲೆ ಬೇರೆ ಯಾರ ಮನೆಯಲ್ಲೂ ಕಾರಿರಲಿಲ್ಲ. ನಮ್ಮ ಜಂಭ ಕೇಳಬೇಡಿ.

ವರ್ಷ ತುಂಬುವುದರೊಳಗೆ ಅದಕ್ಕೆ ರೋಗ ಹಿಡಿಯಿತು. ಕೀ ತಿರುಗಿಸಿದರೆ ಕೆಂಪು ದೀಪ ಹತ್ತುತ್ತಿತ್ತು, ಹಾರ್ನು ಊರಿಗೇ ಕೇಳುತ್ತಿತ್ತು, ಎಂಜಿನ್ ಮಾತ್ರ ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದ್ದಾಯಿತು, ಸ್ಟಾರ್ಟರ್ ಬಿಚ್ಚಿ ತೊಳೆದದ್ದಾಯಿತು, ಗುಣವಾಗಲಿಲ್ಲ. ಕೊನೆಗೆ ಅಪ್ಪ ಇಳಿಜಾರಿಗೆ ಶರಣಾದರು. ಬ್ರೇಕು ಬಿಟ್ಟು ಕಾರನ್ನು ಗುಡ್ಡದಿಂದ ಉರುಳಿಸಿ, ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಅದು ಗಡಗಡ ಎಂದು ಎದ್ದೇಳುತ್ತಿತ್ತು.

ಅಂದಿನಿಂದ ನಮ್ಮ ನೆಂಟಸ್ತಿಕೆಯೆಲ್ಲ ಇಳಿಜಾರಿನ ಲೆಕ್ಕದಲ್ಲೇ ನಡೆಯಿತು. ಶಂಕರನಾರಾಯಣದ ಅತ್ತೆಯ ಮನೆ ದಿಬ್ಬದ ಮೇಲಿತ್ತು, ಹಾಗಾಗಿ ಅವರಲ್ಲಿಗೆ ತಿಂಗಳಿಗೊಮ್ಮೆ ಹೋಗಿ ಕೋಳಿ ಸಾರು ಉಂಡು ಬರುತ್ತಿದ್ದೆವು. ಬಾರ್ಕೂರಿನ ದೊಡ್ಡಮ್ಮನ ಮನೆ ಗದ್ದೆಯ ನಡುವೆ, ಅಂಗೈಯಷ್ಟು ಸಪಾಟು ಜಾಗದಲ್ಲಿತ್ತು.

ದೊಡ್ಡಮ್ಮ ಅಮ್ಮನ ಅಕ್ಕ. ಹೆತ್ತವಳು ಬೇಗ ತೀರಿಹೋದದ್ದರಿಂದ ಅಮ್ಮನನ್ನು ಸಾಕಿ, ಮದುವೆ ಮಾಡಿ ಕಳಿಸಿದವರೇ ಅವರು. ಕಾರು ಬರುವ ಮೊದಲು ಅಮ್ಮ ಕುಂದಾಪುರದಲ್ಲೊಮ್ಮೆ, ಬ್ರಹ್ಮಾವರದಲ್ಲೊಮ್ಮೆ ಬಸ್ಸು ಬದಲಾಯಿಸಿ ಹೋಗಿ, ಸಂಜೆ ಮನೆಯಲ್ಲಿದ್ದ ಅಪ್ಪನ ತಾಯಿಗೆ ಗಂಜಿ ಬೇಯಿಸುವ ಹೊತ್ತಿಗೆ ಓಡೋಡಿ ಬರುತ್ತಿದ್ದರು. ಕಾರು ಬಂದ ಮೇಲೆ ಅದಕ್ಕೂ ಕಲ್ಲು ಬಿತ್ತು. "ಮನೆಯಂಗ್ ಕಾರಿಟ್ಕಂಡ್ ಬಸ್ಸಿಗೆ ಹೋಪುದಾ? ಜನ ಎಂತ ಹೇಳ್ತ್ರ್?" ಎಂದು ಅಪ್ಪ ಕೇಳುತ್ತಿದ್ದರು. ಹೋಗಲಿ, ಕಾರಿನಲ್ಲಾದರೂ ನೆಟ್ಟಗೆ ಕರೆದೊಯ್ಯುತ್ತಿದ್ದರೇ? ಹೆಂಡತಿಯ ಅಕ್ಕನ ಮನೆಯವರಿಂದ ಕಾರು ದೂಡಿಸಿಕೊಳ್ಳಲು ಅವರಿಗೆ ಮರ್ಯಾದೆ ಅಡ್ಡ ಬರುತ್ತಿತ್ತು. ಅಂಗಳದಲ್ಲಿ ಎಂಜಿನ್ ನಿಲ್ಲಿಸದೆ, ಆಕ್ಸಿಲರೇಟರ್ ತುಳಿಯುತ್ತ ಕೂತೇ ಇರುತ್ತಿದ್ದರು. ಚಾ ಲೋಟವೂ ಕಾರಿನ ಕಿಟಕಿಗೇ ಬರುತ್ತಿತ್ತು. ಆ ಸದ್ದಿನಲ್ಲಿ ಅಕ್ಕತಂಗಿ ಕಿರುಚಿ ಮಾತಾಡಿಕೊಳ್ಳುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಹಾಗೆ ಹೋದಾಗ ದೊಡ್ಡಮ್ಮ ಕೋಲು ಹಿಡಿದಿದ್ದರು, ತುಂಬ ಸೊರಗಿದ್ದರು. "ಒಂದ್ ಸರ್ತಿ ಸಮ ಕೂಕಂಡ್ ಹೋಗ್ ಮಾರಾಯ್ತಿ. ನಾನೆಷ್ಟ್ ದಿನ ಇರ್ತೆ ಅಂದೇಳಿ ಗೊತ್ತಿತ್ತಾ?" ಎಂದರು. ಅಪ್ಪ ಹಾರ್ನು ಹೊಡೆದರು. ಅಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಈ ಕಾರನ್ನು ಸರಿಮಾಡದಿದ್ದರೆ ನಾನು ನಾನೇ ಅಲ್ಲ ಎಂದುಕೊಂಡೆ.

ಕುಂದಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ನಾನು ಉರಿಸಿದ್ದು ಬಲ್ಬು ಮಾತ್ರ. ಅದನ್ನೇ ಮಾಡಿದೆ. ಒಂದು ಚಿಕ್ಕ ಬಲ್ಬಿಗೆ ಎರಡು ವಯರು ಕಟ್ಟಿ, ಒಂದನ್ನು ಕಾರಿನ ಕಬ್ಬಿಣಕ್ಕೆ ಸಿಕ್ಕಿಸಿ, ಅಪ್ಪ ಊಟ ಮಾಡಿ ಮಲಗಿದ್ದಾಗ ಸ್ಟೀರಿಂಗಿನ ಅಡಿಗೆ ತಲೆ ತೂರಿಸಿದೆ. ಕೀ ತಿರುಗಿಸಲು ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅವರು ಅಲ್ಲಿ ಕೂತದ್ದು ಅದೇ ಮೊದಲು, ದೇವರ ಪೀಠದ ಮೇಲೆ ಕೂತಷ್ಟು ಹೆದರಿದ್ದರು.

ಸ್ವಿಚ್ಚಿನ ಹಿಂದೆ ಮೂರು ವಯರು. ಬಲ್ಬಿನ ಇನ್ನೊಂದು ತುದಿಯನ್ನು ಬ್ಯಾಟರಿಯಿಂದ ಬರುವುದಕ್ಕೆ ಮುಟ್ಟಿಸಿದೆ, ಬಲ್ಬು ಉರಿಯಿತು. ಅಮ್ಮ ಕೀಯನ್ನು ಅರ್ಧ ತಿರುಗಿಸಿದಾಗ ಎಂಜಿನ್ನಿಗೆ ಹೋಗುವ ವಯರಿನಲ್ಲೂ ಉರಿಯಿತು. ಉಳಿದದ್ದು ಸ್ಟಾರ್ಟರಿಗೆ ಹೋಗುವುದು.

"ಪೂರ್ತಿ ತಿರ್ಗ್ಸ್," ಎಂದೆ.

"ತಿರ್ಗ್ಸಿದೆ. ಉರೀತಾ?"

"ಇಲ್ಲೆ."

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಬ್ಯಾಟರಿಯಿಂದ ಬಂದ ಕರೆಂಟು ಸ್ವಿಚ್ಚಿನೊಳಗೇ ಸಾಯುತ್ತಿತ್ತು, ಸ್ಟಾರ್ಟರನ್ನು ತಲುಪುತ್ತಲೇ ಇರಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿಕೊಂಡು, ಕೀಯನ್ನು ಅರ್ಧದಲ್ಲಿಡಿಸಿ, ಮೊದಲನೆಯ ವಯರನ್ನೂ ಮೂರನೆಯದನ್ನೂ ಒಂದಕ್ಕೊಂದು ತಾಗಿಸಿದೆ. ಕಾರು ಗಡಗಡ ಎಂದು ಎದ್ದಿತು. ಅಮ್ಮ ಎರಡೂ ಕೈಯಲ್ಲಿ ಸ್ಟೀರಿಂಗನ್ನು ತಬ್ಬಿಕೊಂಡರು.

ಅಪ್ಪ ಪಂಚೆ ಸುತ್ತಿಕೊಳ್ಳುತ್ತ ಹೊರಗೋಡಿ ಬಂದರು. "ಹ್ವಾಯ್, ಯಾರ್ ದೂಡದ್?"

"ಯಾರೂ ದೂಡ್ಲಿಲ್ಲೆ. ನಿಮ್ಮ ಮಗಳ್ ಸ್ವಿಚ್ ಹಾಳಾದ್ದ್ ಅಂದೇಳಿ ಕಂಡ್ಹಿಡ್ದ್ಲ್," ಎಂದರು ಅಮ್ಮ, ಸೀಟಿನಿಂದ ಇಳಿಯದೆ. "ಹೊಸ್ತ್ ಹಾಕ್ಸಿ. ಆಯ್ತವಾರ ಬಾರ್ಕೂರಿಗೆ ಹೋಪ."

ಆ ಭಾನುವಾರ ದೊಡ್ಡಮ್ಮನ ಅಂಗಳದಲ್ಲಿ ಅಪ್ಪ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಕಾರು ಬಂದ ಮೇಲೆ ಅಲ್ಲಿನ ಕೊಕ್ಕರೆಗಳ ಸದ್ದು ನಮಗೆ ಕೇಳಿಸಿದ್ದು ಅಂದೇ. ಊಟವಾದ ಮೇಲೆ ಅಕ್ಕತಂಗಿ ಒಳಗೆ ಚಾಪೆ ಹಾಸಿಕೊಂಡು ಕೂತರು. ಯಾರದೋ ಎಮ್ಮೆ ಕರು ಹಾಕಿದ್ದು, ಉಪ್ಪಿನಕಾಯಿಗೆ ಬೂಸಲು ಬಂದದ್ದು, ಇಂಥವೇ ಮಾತು. ಏನೇನೋ ದೊಡ್ಡ ವಿಷಯ ಇರಬಹುದೆಂದು ಕಾದಿದ್ದ ನನಗೆ ಬೇಸರವೇ ಆಯಿತು. ಕೊನೆಗೆ ಮಾತು ನಿಂತಿತು. ನೋಡಿದರೆ ಅಮ್ಮ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಬಿಸಿಲು ಇಳಿಯುವಾಗ ಅಪ್ಪ ಬಾಗಿಲಿಗೆ ಬಂದು "ಹೊರಡುವನಾ?" ಎಂದರು.

ದೊಡ್ಡಮ್ಮ ಕೈ ಎತ್ತಿ ತಡೆದರು. "ಎಬ್ಸ್‌ಬೇಡಿ. ಇವ್ಳ್ ಬಾಣ್ತನ ಮುಗ್ಸ್ಕಂಡ್ ಹೋದ್ಮೇಲೆ ಈ ಮನೆಯಂಗ್ ಮನ್ಕಂಡದ್ ಇವತ್ತೇ," ಎಂದರು.

ಆ ಬಾಣಂತನ ನಾನು ಹುಟ್ಟಿದಾಗಿನದು. ಆ ಭಾನುವಾರಕ್ಕೆ ನನಗೆ ಇಪ್ಪತ್ತು ದಾಟಿತ್ತು. ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಅಪ್ಪ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ದನಿ ತಗ್ಗಿಸಿ ಕೇಳಿದರು: "ಇನ್ನೊಂದ್ ಚಾಪಿ ಇತ್ತಾ?"