ಐನೂರು ತುಂಡಿನ ಗಂಡಸು

ಕಳೆದ ತಿಂಗಳು ನನ್ನ ಮಗಳು ನನಗೊಬ್ಬ ಗಂಡಸನ್ನು ತಂದುಕೊಟ್ಟಳು. ಐನೂರು ತುಂಡು ಮಾಡಿ, ಡಬ್ಬದಲ್ಲಿ ತುಂಬಿಸಿ.

ಗಾಬರಿ ಬೇಡ. ಅದು ಪಜ್ಲ್. ರಟ್ಟಿನ ಚೂರುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಚಿತ್ರವಾಗುತ್ತದೆ. ಪೂರ್ತಿ ಚಿತ್ರ ಡಬ್ಬದ ಮೇಲೆಯೇ ಇತ್ತು. ಹಸಿರು ಕೋಟು, ರೋಮದ ಟೊಪ್ಪಿ, ಹಿಂದೆ ಕೆಂಪು ಗೋಡೆ, ಬಾಯಲ್ಲಿ ಹೊಗೆಯಾಡುವ ಪೈಪು. ಕಿವಿಯಿಂದ ಗದ್ದದ ಕೆಳಗಿನವರೆಗೆ ಬಿಳಿ ಬ್ಯಾಂಡೇಜು. ಮುಖ ನೋಡಿದರೆ ಮೂರು ದಿನದಿಂದ ಅನ್ನ ಕಾಣದವನ ಹಾಗೆ.

"ಯಾರಿವ? ಹಲ್ಲುನೋವಾ?" ಎಂದು ಕೇಳಿದೆ.

ಮೊಮ್ಮಗಳು ದೀಕ್ಷಾ ಬಿದ್ದು ಬಿದ್ದು ನಕ್ಕಳು. "ಅಲ್ಲ ಅಜ್ಜಿ, ದೊಡ್ಡ ಆರ್ಟಿಸ್ಟ್. ತನ್ನ ಕಿವಿ ತಾನೇ ಕೊಯ್ದುಕೊಂಡದ್ದು. ತಲೆ ಸರಿ ಇರ್ಲಿಲ್ಲ. ಆಮೇಲೆ ಕನ್ನಡಿ ನೋಡಿಕೊಂಡು ಅವನೇ ಅವನ ಮುಖ ಬರೆದದ್ದು. ಈಗ ಅದಕ್ಕೆ ಕೋಟಿಗಟ್ಟಲೆ ರೇಟು."

"ಆಗ ಎಷ್ಟಿತ್ತು?"

"ಆಗ ಯಾರೂ ಕೇಳ್ತಿರ್ಲಿಲ್ಲ."

ಸರಿ. ಸತ್ತ ಮೇಲೆ ಬೆಲೆ ಕಟ್ಟುವವರು ಎಲ್ಲಾ ಊರಿನಲ್ಲಿಯೂ ಇದ್ದಾರೆ ಎಂದಾಯಿತು. ಆದರೆ ಅವನನ್ನು ನನ್ನ ಮಡಿಲಿಗೆ ಯಾಕೆ ಸುರಿದರು?

ಅದಕ್ಕೆ ಕಾರಣ ಒಂದು ಬಸ್ಸು.

ನಾನಿರುವುದು ಬಂಟ್ವಾಳದಲ್ಲಿ, ಮಗಳು ಶಶಿಕಲಾಳ ಮನೆಯಲ್ಲಿ. ನನ್ನ ಅಕ್ಕ ಇರುವುದು ಮುಂಡಾಜೆಯಲ್ಲಿ. ಅಕ್ಕನಿಗೆ ಎಂಬತ್ತೊಂದು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಹೋಯಿತು, ಮಾತೂ ಹೋಯಿತು. ಪ್ರತಿ ಮಂಗಳವಾರ ನಾನು ಬೆಳ್ತಂಗಡಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಅಕ್ಕನ ಮನೆಗೆ ಹೋಗುತ್ತೇನೆ. ಅವಳ ತಲೆಗೆ ಎಣ್ಣೆ ಹಚ್ಚಿ, ಸೀಗೆ ಹಾಕಿ ತಿಕ್ಕಿ, ಸ್ನಾನ ಮಾಡಿಸಿ, ಕೂದಲು ಒಣಗಿಸಿ ತುರುಬು ಕಟ್ಟಿ ಬರುತ್ತೇನೆ. ಅಕ್ಕನ ಕೂದಲು ಸೊಂಟದವರೆಗೆ. ಪೂರ್ತಿ ಬಿಳಿ, ಆದರೂ ಕೈತುಂಬ. ನಮ್ಮ ಮನೆಯಲ್ಲಿ ಅಕ್ಕನಿಗೆ ಚಿನ್ನವೂ ಇರಲಿಲ್ಲ, ಚಂದವೂ ಇರಲಿಲ್ಲ (ನನಗೂ ಇರಲಿಲ್ಲ, ಬಿಡಿ). ಕೂದಲು ಇತ್ತು. ಅದರ ಜಂಭವೂ ಇತ್ತು.

ಒಂದು ಮಂಗಳವಾರ ಬೆಳ್ತಂಗಡಿಯಲ್ಲಿ ಕಂಡಕ್ಟರ್ "ಉಜಿರೆ, ಉಜಿರೆ" ಎಂದು ಕೂಗಿದ. ಹತ್ತಿದೆ. ಕಿಟಕಿಯ ಗಾಳಿಗೆ ಸಣ್ಣ ನಿದ್ದೆ ಬಂತು. ಕಣ್ಣುಬಿಟ್ಟರೆ ಧರ್ಮಸ್ಥಳ! ಉಜಿರೆಯಲ್ಲಿ ದಾರಿ ಎರಡಾಗುತ್ತದಲ್ಲ, ಒಂದು ಮುಂಡಾಜೆಗೆ, ಇನ್ನೊಂದು ಧರ್ಮಸ್ಥಳಕ್ಕೆ. ನಾನಿದ್ದ ಬಸ್ಸು ಆ ಕಡೆ ತಿರುಗಿತ್ತು. ಬಂದದ್ದು ಬಂದಾಯಿತು ಎಂದು ದೇವರಿಗೆ ಕೈಮುಗಿದು, ಊಟ ಮಾಡಿ, ಆಮೇಲೆ ಮುಂಡಾಜೆಗೆ ಹೋದೆ. ಮನೆ ಮುಟ್ಟುವಾಗ ತಡವಾಯಿತು. ನಗೆಯ ಸಂಗತಿ ಎಂದುಕೊಂಡು ನಾನೇ ಬಾಯಿಬಿಟ್ಟು ಹೇಳಿದೆ.

ಯಾರೂ ನಗಲಿಲ್ಲ.

"ಅಮ್ಮನಿಗೆ ಮರೆವು ಶುರುವಾಗಿದೆ," ಎಂದಳು ಶಶಿಕಲಾ. ನನಗೆ ಹೇಳಿದ್ದಲ್ಲ. ಫೋನಿನಲ್ಲಿ ಯಾರಿಗೋ. ನಾನು ಎರಡು ಮಾರು ದೂರದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ.

ಅದರ ಮಾರನೇ ವಾರವೇ ಡಬ್ಬ ಬಂತು. "ಇದು ಮಾಡಿದ್ರೆ ಮೆದುಳಿಗೆ ಒಳ್ಳೆದಂತೆ ಅಮ್ಮ. ಒಂದು ತಿಂಗಳು ಮುಂಡಾಜೆ ಬೇಡ. ಇದನ್ನು ಮಾಡಿ. ಆಮೇಲೆ ನೋಡುವ."

ನೋಡುವ! ಏನು ನೋಡುವುದು? ಈ ಕಿವಿ ಇಲ್ಲದವನು ಪಾಸು ಮಾಡಿದರೆ ನನಗೆ ಬಸ್ಸು, ಇಲ್ಲದಿದ್ದರೆ ಇಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಾನು ಐವತ್ತು ವರ್ಷ ಬೀಡಿ ಕಟ್ಟಿದವಳು. ನನ್ನಲ್ಲಿರುವುದು ಐದನೇ ಕ್ಲಾಸು ಮತ್ತು ಹತ್ತು ಬೆರಳು. ತುಂಡುಗಳನ್ನೆಲ್ಲ ಬೀಡಿ ಕಟ್ಟುವ ಗೆರಸೆಗೆ ಸುರಿದೆ. ಎಲೆ ವಿಂಗಡಿಸುವ ಹಾಗೆ ವಿಂಗಡಿಸಿದೆ. ಅಂಚಿನದು ಒಂದು ಕಡೆ, ಹಸಿರು ಒಂದು ಕಡೆ, ಕೆಂಪು ಇನ್ನೊಂದು ಕಡೆ. ಪೈಪು ಸುಲಭದಲ್ಲಿ ಸಿಕ್ಕಿತು. (ಬೀಡಿಯೋ ಪೈಪೋ, ಸೇದುವವನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಗಂಜಿ ಬೆಂದದ್ದು ಅವರಿಂದಲೇ.) ಒಂದು ತಿಂಗಳು ಎಂದವರ ಕಣ್ಣೆದುರು ಒಂಬತ್ತು ದಿನದಲ್ಲಿ ಟೊಪ್ಪಿ, ಕೋಟು, ಗೋಡೆ ಎಲ್ಲ ಎದ್ದು ಕೂತಿತು.

ತೊಂದರೆ ಕೊಟ್ಟದ್ದು ಬ್ಯಾಂಡೇಜು. ಎಲ್ಲಾ ತುಂಡೂ ಬಿಳಿ, ಎಲ್ಲಾ ಒಂದೇ ತರ. ಮೂರು ತುಂಡು ಮಾತ್ರ ಎಲ್ಲಿಟ್ಟರೂ ಕೂರಲಿಲ್ಲ. ಒಂದರ ಮೂಗು ದೊಡ್ಡದು, ಇನ್ನೊಂದರ ಕುತ್ತಿಗೆ ಉದ್ದ. ಬೀಡಿಯವಳು ಇಂಥದ್ದಕ್ಕೆ ಏನು ಮಾಡುತ್ತಾಳೆ? ಎಲೆ ಅಳತೆಗೆ ಬರದಿದ್ದರೆ ಕೂತು ಅಳುತ್ತಾಳಾ? ಕತ್ತರಿ ತೆಗೆಯುತ್ತಾಳೆ. ನಾನೂ ತೆಗೆದೆ. ಚಕ್, ಚಕ್, ಚಕ್. ಮೂರೂ ಕೂತವು.

ಸಂಜೆ ಶಶಿಕಲಾ ಬಂದು ನೋಡಿದಳು. ಮೊದಲು ಮುಖ ಅರಳಿತು. ಆಮೇಲೆ ನೆಲದ ಮೇಲಿದ್ದ ರಟ್ಟಿನ ಚೂರು ಕಂಡಿತು.

"ಅಯ್ಯೋ ಅಮ್ಮ, ಎಂತ ಮಾಡಿದ್ರಿ ನೀವು? ಇದಕ್ಕೆ ಕತ್ತರಿ ಹಾಕಿದ್ರಾ?"

"ಕೂರ್ಲಿಲ್ಲ."

"ಕೂರದಿದ್ರೆ ಜಾಗ ಬೇರೆ ಅಂತ ಅರ್ಥ! ಸಣ್ಣ ಮಕ್ಕಳಿಗೂ ಗೊತ್ತುಂಟು!"

ಸಣ್ಣ ಮಕ್ಕಳಿಗೆ ಗೊತ್ತಿರಬಹುದು. ಸಣ್ಣವಳಿರುವಾಗ ನನಗೆ ಯಾರೂ ಪಜ್ಲ್ ಕೊಡಲಿಲ್ಲ, ಗೆರಸೆ ಕೊಟ್ಟರು. ತಪ್ಪು ನನ್ನದೇ, ಒಪ್ಪುತ್ತೇನೆ. ಮೇಲಿನ ಮಹಡಿ ರಿಪೇರಿ ಮಾಡಿಸುತ್ತಿದ್ದಾರೆ, ಅಲ್ಲಿನ ಹಾಲಿಗೆ ಈ ಚಿತ್ರವನ್ನು ಫ್ರೇಮ್ ಹಾಕಿಸುವ ಅಂದಾಜು ಅವಳಿಗೆ ಇತ್ತಂತೆ. ಅವಳು ಕೂಡಲೇ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಅಳುವ ಮುಖಗಳು ಸಾಲಾಗಿ ಬಂದವು. ಡಾಕ್ಟರಿಗೆ ತೋರಿಸಿ, ತೋರಿಸಿ ಎಂದು ಎಲ್ಲರದೂ ಒಂದೇ ರಾಗ.

ನೀವೇ ಹೇಳಿ. ಸ್ವಂತ ಕಿವಿ ಕೊಯ್ದುಕೊಂಡವನಿಗೆ ಫ್ರೇಮು. ಮೂರು ರಟ್ಟಿನ ಚೂರು ಕೊಯ್ದವಳಿಗೆ ಡಾಕ್ಟರು.

ಮೂಡುಬಿದಿರೆಯ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮುಂಡಾಜೆಯ ಮಂಗಳವಾರಗಳು ನಾಲ್ಕು ತಪ್ಪಿದ್ದವು.

ನಾಲ್ಕೂ ಸಲ ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಬಾಗಿಲು ತೆರೆದೇ ಇತ್ತು, ಬಸ್ಸು ನಿಲ್ಲುವುದು ಮನೆಯೆದುರೇ. ಆದರೂ ಹೋಗಲಿಲ್ಲ. ಯಾಕೆ? ಹೆದರಿದೆ. ದಿನಕ್ಕೆ ಹತ್ತು ಸಲ "ಅಮ್ಮ, ಗ್ಯಾಸ್ ಆಫ್ ಮಾಡಿದ್ರಾ? ಅಮ್ಮ, ಮಾತ್ರೆ ತಗೊಂಡ್ರಾ?" ಎಂದು ಕೇಳಿದರೆ ಗಟ್ಟಿ ತಲೆಗೂ ಸಂಶಯ ಹತ್ತುತ್ತದೆ. ಆಫ್ ಮಾಡಿದ ಗ್ಯಾಸನ್ನು ನಾನೇ ಎದ್ದು ಎದ್ದು ನೋಡತೊಡಗಿದ್ದೆ.

ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಹೇಳಿದೆ. ಗಡಿಯಾರ ಬರೆಯಿರಿ ಎಂದರು. ಬರೆದೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಎರಡಕ್ಕೆ ಮುಟ್ಟಿದಾಗ "ಸಾಕು ಸಾಕು" ಎಂದರು.

"ಅಲ್ಲ ಅಜ್ಜಿ, ಪಜ್ಲ್ ಯಾಕೆ ಕತ್ತರಿಸಿದ್ದು?"

"ನೀವು ಬೀಡಿ ಕಟ್ಟಿದ್ದೀರಾ ಡಾಕ್ಟ್ರೆ?"

"ಇಲ್ಲ."

"ಹಾಗಾದ್ರೆ ನಿಮಗೆ ಗೊತ್ತಾಗ್ಲಿಕ್ಕಿಲ್ಲ."

ನಕ್ಕುಬಿಟ್ಟರು. ಶಶಿಕಲಾಳ ಕಡೆ ತಿರುಗಿ, "ಇವರಿಗೆ ಎಂತದ್ದೂ ಇಲ್ಲ ಮಾರಾಯ್ರೆ. ಬಸ್ಸಿನಲ್ಲಿ ಹೋಗ್ಲಿ, ಬರ್ಲಿ. ಒಳ್ಳೆದೇ," ಎಂದರು.

ಕಾರಿನಲ್ಲಿ ಕೂತ ಕೂಡಲೇ ನಾನೆಂದೆ, "ನಾಳೆ ಮಂಗಳವಾರ. ಹೋಗ್ತೇನೆ."

"ನಾಳೆಯಾ?" ಶಶಿಕಲಾ ಸ್ಟಿಯರಿಂಗ್ ನೋಡುತ್ತಾ ಹೇಳಿದಳು. "ನಾಳೆ ಬೇಡ ಅಮ್ಮ. ಟೈಲ್ಸಿನವರು ಬರ್ತಾರೆ. ನನಗೆ ಆಫೀಸು, ದೀಕ್ಷನಿಗೆ ಕಾಲೇಜು. ಮನೆಯಲ್ಲಿ ಜನ ಬೇಕಲ್ಲ? ಚಾ ಕೊಡ್ಲಿಕ್ಕೆ, ನೋಡಿಕೊಳ್ಳಲಿಕ್ಕೆ. ಕೆಲಸ ಒಂದು ಮುಗಿಯಲಿ."

ಆಗ ನನ್ನ ತಲೆಯಲ್ಲಿ ಚಿತ್ರ ಪೂರ್ತಿಯಾಯಿತು. ಮಹಡಿ ಕೆಲಸ ಶುರುವಾದದ್ದು ಯಾವಾಗ? ಡಬ್ಬ ಬಂದ ವಾರವೇ! ಬಸ್ಸು ಹತ್ತಲು ನನಗೆ ಮರೆವು. ನಾಲ್ಕು ಜನ ಕೆಲಸದವರಿಗೆ ಹೊತ್ತು ಹೊತ್ತಿಗೆ ಚಾ ಮಾಡಲು, ಗ್ಯಾಸು ಹಚ್ಚಲು, ಮನೆ ಕಾಯಲು ಮರೆವಿಲ್ಲ!

ಶಶಿಕಲಾ ಕೆಟ್ಟವಳಲ್ಲ. ಸುಳ್ಳೂ ಹೇಳಲಿಲ್ಲ. ಹೆದರಿಕೆ ಅವಳಿಗೆ ನಿಜವಾಗಿಯೂ ಇತ್ತು. ಅನುಕೂಲವೂ ಇತ್ತು. ಎರಡೂ ಒಟ್ಟಿಗೆ ಇದ್ದರೆ ಯಾವುದು ಯಾವುದೆಂದು ಅವರವರಿಗೇ ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಮುದುಕಿಯರ ಬಗ್ಗೆ ಕಾಳಜಿ ಹುಟ್ಟುವುದು ಹೆಚ್ಚಾಗಿ ಹೀಗೆಯೇ.

ಮರುದಿನ ಫ್ಲಾಸ್ಕಿಗೆ ಚಾ ತುಂಬಿಸಿಟ್ಟು ಹೊರಟೆ. ಬೆಳ್ತಂಗಡಿಯಲ್ಲಿ ಕಂಡಕ್ಟರನ್ನು ಎರಡು ಸಲ ಕೇಳಿ ಹತ್ತಿದೆ. ಮುಂಡಾಜೆಯಲ್ಲಿ ಇಳಿದೆ.

ಅಕ್ಕ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಂದು ಕ್ಷಣ ಬೇರೆ ಯಾರೋ ಎಂದುಕೊಂಡೆ. ತಲೆಯಲ್ಲಿ ಎರಡು ಬೆರಳಿನಷ್ಟು ಕೂದಲು. ಅದೂ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ.

ಅವಳ ಸೊಸೆ ಪುಷ್ಪ ಕೈ ಒರೆಸಿಕೊಳ್ಳುತ್ತಾ ಬಂದಳು. "ನೀವು ಬರ್ಲೇ ಇಲ್ಲ ಅಲ್ವಾ ಚಿಕ್ಕಮ್ಮ. ಜಡೆಗಟ್ಟಿ ಹೇನಾಯ್ತು. ನನ್ನ ಒಬ್ಬಳ ಕೈಯಲ್ಲಿ ಅಷ್ಟು ಕೂದಲು ತೊಳೀಲಿಕ್ಕೆ ಆಗ್ತದಾ ಹೇಳಿ? ಹೋದ ವಾರ ಕತ್ತರಿಸಿದೆ."

"ಅಕ್ಕ ಒಪ್ಪಿದ್ಳಾ?"

"ಅವರಿಗೆ ಮಾತು ಎಲ್ಲಿ ಬರ್ತದೆ?"

ಪುಷ್ಪಳಿಗೆ ಬೈಯಲು ಬಾಯಿ ತೆರೆದೆ, ಮುಚ್ಚಿದೆ. ವಾರದ ಆರು ದಿನ ಅಕ್ಕನ ಹೊಲಸು ತೆಗೆಯುವವಳು ಅವಳು. ಬಾರದೆ ಕೂತವಳು ನಾನು. ಅಕ್ಕ ಎಡಗೈಯನ್ನು ಮೆಲ್ಲ ತಲೆಯ ಹಿಂದಕ್ಕೆ ಒಯ್ದಳು. ತುರುಬು ಇರುವಲ್ಲಿ ತಡವಿದಳು. ಕೈ ಕೆಳಗಿಳಿಸಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಬರೆಯುವುದಿಲ್ಲ. ಅದು ನನಗೆ ಸಲ್ಲಬೇಕಾದದ್ದು, ನಿಮಗಲ್ಲ.

ಸೀಗೆ ಹಾಗೆಯೇ ಚೀಲದಲ್ಲಿ ಉಳಿಯಿತು. ಆ ತಲೆಗೆ ಒಂದು ಚಮಚ ಎಣ್ಣೆ ಸಾಕಾಯಿತು.

ರಾತ್ರಿ ಊಟಕ್ಕೆ ಕೂತಾಗ ಶಶಿಕಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಬಟ್ಟಲಿಗೆ ಸಾರು ಬಡಿಸುತ್ತಾ, "ಕೂದಲು ತಾನೇ ಅಮ್ಮ, ಬೆಳೀತದೆ," ಎಂದಳು.

ಎಂಬತ್ತೊಂದರ ತಲೆಯಲ್ಲಿ ಕೂದಲು ಮತ್ತೆ ಸೊಂಟ ಮುಟ್ಟಲು ಎಷ್ಟು ವರ್ಷ ಬೇಕು, ನಿಮ್ಮಲ್ಲಿ ಓದಿದವರು ಯಾರಾದರೂ ಹೇಳುತ್ತೀರಾ?