ಪ್ರಾಣೇಶರಾವ್ ಮಾಸ್ತರರ ಕೋಟು
ಯುದ್ಧ ಶುರುವಾದ ಮೇಲೆ ಶಾಲೆಗೆ ಚಿತ್ರಪಟಗಳು ಬರುವುದು ನಿಂತಿದೆ. ಮಾನ್ವಿಯ ಪ್ರಾಣೇಶರಾವ್ ಮಾಸ್ತರರಿಗೆ ಅದರ ಚಿಂತೆಯಿಲ್ಲ. ಅವರ ಕರಿ ಕೋಟೇ ಒಂದು ಅಜಾಯಬಖಾನೆ, ವಸ್ತುಸಂಗ್ರಹಾಲಯ. ಒಂದು ಜೇಬಿನಿಂದ ಹಾವಿನ ಪೊರೆ ಹೊರಬಂದರೆ ಇನ್ನೊಂದರಿಂದ ಗೀಜಗನ ಗೂಡು, ಮುಳ್ಳುಹಂದಿಯ ಮುಳ್ಳು, ಹೊಲದಲ್ಲಿ ಸಿಕ್ಕ ಕಲ್ಲಿನ ಕೊಡಲಿ. ಇನ್ನು ಜೀವಂತ ನವಿಲೊಂದು ಬರುವುದು ಬಾಕಿ ಎಂದು ಊರವರು ನಗುತ್ತಾರೆ. ತಾಯಿ ಅಹಲ್ಯಾಬಾಯಿಯಂತೂ "ಮಡಿಗೆ ತಾಗೀತು!" ಎಂದು ಆ ಕೋಟನ್ನು ಅಂಗಳದ ಬೇವಿನ ಗಿಡಕ್ಕೇ ತೂಗುಹಾಕಿಸುತ್ತಾರೆ. ಮಾಸ್ತರರು ಹಿಂದೊಮ್ಮೆ ಹೈದರಾಬಾದಿನಲ್ಲಿ ನಿಜವಾದ ಅಜಾಯಬಖಾನೆ ನೋಡಿ ಬಂದವರು. ಅಲ್ಲಿ ಸತ್ತ ಹುಲಿಯಿಂದ ಹಳೆಯ ಕತ್ತಿಯವರೆಗೆ ಎಲ್ಲವೂ ಗಾಜಿನ ಹಿಂದೆ. ಅಂದಿನಿಂದ ಅವರದು ಒಂದೇ ಮಾತು: "ಕಣ್ಣೀಲೆ ನೋಡಿದ್ದು ಅರ್ಧ ವಿದ್ಯಾ, ಮುಟ್ಟಿ ನೋಡ್ರಿ!" ಆದರೆ ಮುಂದಿನ ಸಾಲಿನವರಿಗೆ ಯಾವ ವಸ್ತುವೂ ಮೊದಲು ಸಿಗುವುದಿಲ್ಲ. ಅದು ನೇರ ಬಾಗಿಲಿಗೆ ಹೋಗುತ್ತದೆ, ಮುಟ್ಟಬಾರದೆಂದು ಊರವರು ಹೊಸ್ತಿಲಾಚೆ ಕೂಡಿಸಿದ ಕೇರಿಯ ಹುಡುಗಿ ಕನಕಮ್ಮನ ಅಂಗೈಗೆ. "ಬೇಕಾದವರು ಆಕಿ ಕೈಯಿಂದ ತಗೋರಿ" ಎಂದು ಹೇಳಿ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಾ ನಿಲ್ಲುತ್ತಾರೆ. ಮೊದಲ ವಾರ ಯಾರೂ ಏಳಲಿಲ್ಲ. ಈಗ ಹೊಸ್ತಿಲಲ್ಲಿ ನೂಕುನುಗ್ಗಲು, "ಪಾಳಿ ಹಚ್ಚಿ ಬರ್ರಲೇ!" ಎಂದು ಗದರುವವಳು ಕನಕಮ್ಮ.